ಒಂದು ರೈಟ್ ಮಾರ್ಕು

ಸೂಜಿ ಚುಚ್ಚಿದರೆ ಇರುವೆ ಕಚ್ಚಿದ ಹಾಗಾಗುತ್ತದೆ ಅಷ್ಟೇ ಎಂದು ಅಂದದ್ದೇ ತಪ್ಪಾಯಿತು. ಎಲ್ಲ ಅಪ್ಪಂದಿರೂ ಹೇಳುವ ಮಾತೆಂದು ಯೋಚಿಸದೆ ಹೇಳಿಬಿಟ್ಟಿದ್ದ. ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಚಪ್ಪಲಿಯ ಪಟ್ಟಿ ಬಿಗಿಯುತ್ತಿದ್ದ ಐದು ವರ್ಷದ ಮಗಳು ತಲೆಯೆತ್ತಿ, ಯಾವ ಇರುವೆ, ಕರಿದೋ ಕೆಂಪೋ ಎಂದು ಕೇಳಿದಳು. ಕರಿ ಇರುವೆ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಕರಿ ಇರುವೆ ಬರೀ ಓಡಾಡುತ್ತದೆ, ಕಚ್ಚುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಮಕ್ಕಳ ಹತ್ತಿರ ಸುಳ್ಳು ಹೇಳಬಾರದು ಎಂಬ ನಿಯಮವೂ ಅವನಿಗಿತ್ತು. ಬೀಗದ ಕೈ ಹಿಡಿದುಕೊಂಡು ಅರ್ಧ ನಿಮಿಷ ಯೋಚಿಸಿ, ಕೆಂಪಿರುವೆ ಎಂದ. ಎಷ್ಟು ಎಂದಳು. ಒಂದೇ ಎಂದ. ಇರುವೆಗಳು ಒಂಟಿಯಾಗಿ ಬರುವುದಿಲ್ಲವೆಂದು ಅಡುಗೆಮನೆಯ ಕಟ್ಟೆಯ ಮೇಲೆ ನೋಡಿ ಕಲಿತಿದ್ದವಳು, "ಆಮೇಲೆ ಇನ್ನೊಂದು ಬರಲ್ವಾ?" ಎಂದಳು. "ಬರಲ್ಲ. ಒಂದೇ ಒಂದು. ಪ್ರಾಮಿಸ್." ಒಳಗೆ ಕನ್ನಡಿಯ ಮುಂದೆ ಹೇರ್‌ಪಿನ್ ಕಚ್ಚಿಕೊಂಡು ನಿಂತಿದ್ದ ಹೆಂಡತಿ ಅದನ್ನು ಬಾಯಿಂದ ತೆಗೆದು, "ಅಪ್ಪ ಎತ್ಕೊಂಡಿದ್ರೆ ನಿಂಗೆ ಗೊತ್ತೇ ಆಗಲ್ಲ ಕಣೇ. ಪಾಪು ಇದ್ದಾಗ ಅತ್ತೇ ಇಲ್ಲ ನೀನು," ಎಂದಳು. ಅವನು ಕೈಯಲ್ಲೇ ಇದ್ದ ಬೀಗದ ಕೈಯನ್ನು ಜೇಬಿನಲ್ಲಿ ಹುಡುಕತೊಡಗಿದ.

ಆರೋಗ್ಯ ಕೇಂದ್ರ ಎರಡು ಬೀದಿ ಆಚೆ. ಮಗಳು ಒಂದು ಕೈ ಹಿಡಿದುಕೊಂಡಿದ್ದಳು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಲಸಿಕೆ ಕಾರ್ಡು. ಎಲ್ಲ ಲಸಿಕೆಗಳೂ ಆಗಿವೆ ಎಂದು ಕೇಂದ್ರದ ಸೀಲು ಹಾಕಿಸಿ ತಂದರೆ ಮಾತ್ರ ಶಾಲೆಯಲ್ಲಿ ಸೇರಿಸಿಕೊಳ್ಳುತ್ತಾರೆ. ಆ ಕಾರ್ಡು ಅವನು ಕರಡು ತಿದ್ದುವ ಅಚ್ಚುಮನೆಯಲ್ಲೇ ಮುದ್ರಣವಾದದ್ದು. ಮಗಳು ಹುಟ್ಟುವುದಕ್ಕೆ ಎರಡು ವರ್ಷ ಮೊದಲು ಅದರ ಕರಡನ್ನು ಮೂರು ಸಲ ಓದಿ, ಲಸಿಕೆ ಎಂಬ ಪದ ಇಪ್ಪತ್ತೆರಡು ಕಡೆ ತಪ್ಪಿಲ್ಲದೆ ಇದೆಯೆಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿದ್ದ. ಆಗ ಅದರಲ್ಲಿ ಏನು ಬರೆದಿದೆ ಎಂದು ಅವನು ಓದಿರಲೇ ಇಲ್ಲ. ಕರಡು ತಿದ್ದುವವನು ಅರ್ಥ ಓದಲು ಹೊರಟರೆ ಅಕ್ಷರ ತಪ್ಪುತ್ತದೆ, ಅಕ್ಷರ ಓದಲು ಹೊರಟರೆ ಅರ್ಥ ತಪ್ಪುತ್ತದೆ. ಸಂಬಳ ಕೊಡುವುದು ಅಕ್ಷರಕ್ಕೆ. ಕಾರ್ಡಿನ ಕೊನೆಯ ಕಾಲಮ್ಮಿನ ತಲೆಗೆ ‘ಹಾಕಲಾಗಿದೆ’ ಎಂದಿತ್ತು. ಸಂಜೆ ಕಾಲೇಜಿನಲ್ಲಿ ವ್ಯಾಕರಣ ಹೇಳುತ್ತಿದ್ದ ಮೇಷ್ಟ್ರು ಇಂಥ ಕ್ರಿಯಾಪದಗಳನ್ನು ಕಂಡರೆ ಹಲ್ಲು ಕಡಿಯುತ್ತಿದ್ದರು. ಇದು ಕರ್ಮಣಿ ಪ್ರಯೋಗ ಕಣ್ರಯ್ಯಾ, ಕೆಲಸ ಆಗಿರುತ್ತದೆ, ಮಾಡಿದವನು ಮಾತ್ರ ನಾಪತ್ತೆ. ಕಚೇರಿಗಳಲ್ಲಿ ಎಲ್ಲರೂ ಇದನ್ನೇ ಬರೆಯುತ್ತಾರೆ, ಯಾಕೆಂದರೆ ನಾಳೆ ಯಾರೂ ಸಿಕ್ಕಿಹಾಕಿಕೊಳ್ಳುವುದಿಲ್ಲ. ಹಗಲೆಲ್ಲ ದುಡಿದು ಬಂದ ಅರವತ್ತು ಮಂದಿ ತೂಕಡಿಸುತ್ತ ನಗುತ್ತಿದ್ದರು. ಅವನೊಬ್ಬ ಬರೆದುಕೊಂಡಿದ್ದ.

ಆ ಕಾಲಮ್ಮಿನಲ್ಲಿ ಪ್ರತಿ ಚೌಕದೊಳಗೂ ನೀಲಿ ಶಾಯಿಯಲ್ಲಿ ತಾರೀಖು, ಅದರ ಕೆಳಗೆ ಹುಳುವಿನಂಥ ಒಂದು ಸಹಿ ಇದೆ. ದಡಾರದ ಎರಡನೆಯ ಸಲದ ಚೌಕದಲ್ಲಿ ಮಾತ್ರ ತಾರೀಖಿಲ್ಲ, ಸಹಿಯಿಲ್ಲ. ಪೆನ್ಸಿಲಿನಲ್ಲಿ ಎಳೆದ ಒಂದು ರೈಟ್ ಮಾರ್ಕು. ಎಳೆದವನು ಅವನೇ. ಅಚ್ಚುಮನೆಯಲ್ಲಿ ರೈಟ್ ಮಾರ್ಕು ಅಂದರೆ ಸರಿಯಾಗಿದೆ ಎಂದಲ್ಲ, ಇಲ್ಲಿಯವರೆಗೆ ಕಣ್ಣು ಹಾದಿದೆ ಎಂದಷ್ಟೇ. ಹಾದಿರುವ ಕಣ್ಣಿಗೆ ಬಿದ್ದ ಅನುಮಾನವನ್ನು ಆಮೇಲೆ ನೋಡೋಣ ಎಂದು ಬಿಟ್ಟಿದ್ದರೂ ರೈಟ್ ಮಾರ್ಕೇ. ಇದನ್ನು ಅವನು ಮೂರೂವರೆ ವರ್ಷದಿಂದ ತನಗೆ ತಾನೇ ವಿವರಿಸಿಕೊಳ್ಳುತ್ತ ಬಂದಿದ್ದ. ವಿವರಣೆಯಲ್ಲಿ ಒಂದೇ ಒಂದು ಕಡೆ ಎಡವುತ್ತಿದ್ದ. ಕಳೆದ ವರ್ಷ ಬೀರು ಒರೆಸುವಾಗ ಕಾರ್ಡು ತೆಗೆದು ನೋಡಿ, ಗುರುತು ಮಾಸುತ್ತಿದೆ ಅನ್ನಿಸಿ, ಪೆನ್ಸಿಲ್ ಚೂಪು ಮಾಡಿಕೊಂಡು ಬಂದು ಅದರ ಮೇಲೇ ಇನ್ನೊಂದು ಸಲ ತೀಡಿದ್ದ.

ಆ ದಿನ ಮಗಳಿಗೆ ಒಂದೂವರೆ ವರ್ಷ. ಅವಳು ಅವನ ಹೆಗಲ ಮೇಲೆ ನಿದ್ದೆ ಹೋಗಿದ್ದಳು, ಬಾಯಿಂದ ಇಳಿದ ಜೊಲ್ಲು ಅಂಗಿಯ ಕಾಲರಿನಲ್ಲಿ ಬೆಚ್ಚಗಿತ್ತು. ಕೇಂದ್ರದ ಬಾಗಿಲವರೆಗೂ ಹೋಗಿದ್ದ. ಒಳಗಿನಿಂದ ಯಾವುದೋ ಮಗುವಿನ ಕೂಗು ಕೇಳಿತು; ಮೊದಲು ಉಸಿರು ಎಳೆದುಕೊಳ್ಳುವ ಮೌನ, ಆಮೇಲೆ ಕೂಗು. ಆ ಮೌನವೇ ಅವನ ಕಾಲುಗಳನ್ನು ಹಿಡಿದದ್ದು. ಮಗುವಿಗೆ ಮೂರು ದಿನದಿಂದ ಸ್ವಲ್ಪ ಕೆಮ್ಮಿದೆಯಲ್ಲ ಎಂದು ನೆನಪಾಯಿತು. ಕೆಮ್ಮಿದ್ದರೆ ಹಾಕಿಸಬಾರದು ಎಂದು ಯಾರೂ ಹೇಳಿರಲಿಲ್ಲ, ಹಾಕಿಸಬಹುದೇ ಎಂದು ಅವನೂ ಕೇಳಲಿಲ್ಲ. ತಿರುಗಿ ನಡೆದು, ಆಟದ ಮೈದಾನದ ಕಲ್ಲುಬೆಂಚಿನ ಮೇಲೆ ಒಂದು ಗಂಟೆ ಕೂತು, ಚೀಲದಲ್ಲಿದ್ದ ಕರಡು ಓದಿದ. ಅದೇ ಪೆನ್ಸಿಲಿನಲ್ಲಿ ಕಾರ್ಡಿನ ಚೌಕಕ್ಕೂ ಒಂದು ಗುರುತು ಹಾಕಿದ್ದು ಆಗಲೇ: ನೋಡಿದ್ದೇನೆ, ಮುಂದಿನ ವಾರ. ಸಂಜೆ ಹೆಂಡತಿ ಬಂದವಳು ಕಾರ್ಡನ್ನು ನೋಡಿ, "ಅತ್ಲಾ?" ಎಂದು ಕೇಳಿದಳು. ಅವನು ಇಲ್ಲ ಎಂದ. ಅದು ನಿಜ. ಅಂದು ಮಗು ಒಂದು ಹನಿ ಅತ್ತಿರಲಿಲ್ಲ. ಹಾಕಿಸಿದ್ರಾ ಎಂದು ಕೇಳಿದ್ದರೆ ಖಂಡಿತ ಹೇಳಿಬಿಡುತ್ತಿದ್ದೆ ಎಂದು ಈಗಲೂ ಒಮ್ಮೊಮ್ಮೆ ನಂಬುತ್ತಾನೆ. ಅವಳು ಕೇಳಿದ್ದು ತಪ್ಪು ಪ್ರಶ್ನೆ.

ಮುಂದಿನ ವಾರ ಬರುವುದರೊಳಗೆ ಅವನು ಹೆಸರುವಾಸಿಯಾಗಿದ್ದ. ಹೆಂಡತಿ ತನ್ನ ಅಮ್ಮನಿಗೆ ಹೇಳಿದಳು, ಅತ್ತೆ ಬೀದಿಗೆಲ್ಲ ಹೇಳಿದರು: ನಮ್ಮ ಅಳಿಯನ ಕೈಯಲ್ಲಿದ್ದರೆ ಸೂಜಿ ಚುಚ್ಚಿದರೂ ಮಗು ಅಳುವುದಿಲ್ಲ, ಕೆಲವರ ಕೈಗುಣ ಹಾಗೆ. ನಾದಿನಿ ತನ್ನ ಮಗುವನ್ನು ತಂದು, "ಭಾವ, ನಮ್ಮದನ್ನೂ ನೀವೇ ಎತ್ಕೊಂಡು ಹೋಗಿ," ಎಂದು ಮಡಿಲಲ್ಲಿಟ್ಟಳು. ಆ ಮಗು ಕೇಂದ್ರದ ಹೆಂಚು ಹಾರುವಂತೆ ಅತ್ತಿತು. ಎಲ್ಲರೂ ಅದಕ್ಕೆ ಮಗುವನ್ನೇ ಬೈದರು, ಹಟಮಾರಿ, ಅಂಥ ಭಾವನ ಕೈಯಲ್ಲೂ ಅತ್ತಿತಲ್ಲ. ಇಷ್ಟಾದ ಮೇಲೆ ಹೇಳುವುದು ಹೇಗೆ? ಇವತ್ತಲ್ಲ ನಾಳೆ, ಗುಟ್ಟಾಗಿ ಹೋಗಿ ಹಾಕಿಸಿಬಿಡಬೇಕು ಎಂದುಕೊಂಡ. ಗುಟ್ಟಾಗಿ ಹಾಕಿಸಿದರೆ ತೋಳು ಊದಿದ್ದು ಯಾಕೆಂದು ಹೇಳಬೇಕಾಗುತ್ತದೆ ಎಂದುಕೊಂಡ. ‘ಳ’ಕಾರದ ಬದಲು ‘ಲ’ಕಾರ ಬಿಟ್ಟು ಬಂದೆನೇನೋ ಎಂದು ಬಸ್ ನಿಲ್ದಾಣದಿಂದ ಹಿಂತಿರುಗಿ ಅಚ್ಚುಮನೆಯ ಬೀಗ ತೆಗೆಸಿದವನು ಅವನು. ಯಜಮಾನರು ಅವನನ್ನು ಹೊಸಬರಿಗೆ ತೋರಿಸಿ, ಇವರಿಗೆ ಅನುಮಾನವೇ ಆಸ್ತಿ ಎನ್ನುತ್ತಿದ್ದರು. ಊರಿನಲ್ಲಿ ಎಲ್ಲಾದರೂ ಒಂದು ಮಗುವಿಗೆ ಮೈಮೇಲೆ ಕೆಂಪು ಗುಳ್ಳೆ ಎದ್ದಿದೆ ಎಂದು ಕಿವಿಗೆ ಬಿದ್ದರೆ ಹದಿನೈದು ದಿನ ಸ್ನಾನದ ಹೊತ್ತಿಗೆ ಮಗಳ ಬೆನ್ನನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದ. ಎಷ್ಟು ಮುದ್ದು ನೋಡಿ ಮಗಳೆಂದರೆ ಎಂದು ಅತ್ತೆ ಅದಕ್ಕೂ ಮೆಚ್ಚಿಕೊಂಡರು.

ಕೇಂದ್ರದಲ್ಲಿ ಅವರದು ಹನ್ನೊಂದನೆಯ ಚೀಟಿ. ಗೋಡೆಗೆ ತಾಗಿಸಿದ ಬೆಂಚಿನ ಮೇಲೆ ಖಾಕಿ ಅಂಗಿಯ ಬಸ್ ಚಾಲಕನೊಬ್ಬ ಕೂಸನ್ನು ಸ್ಟಿಯರಿಂಗ್ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. ಜಾಗ ಬಿಟ್ಟುಕೊಟ್ಟು, ಶಾಲೆಗಾ ಎಂದು ಮಗಳನ್ನು ವಿಚಾರಿಸಿ, ತಾನಾಗಿ ಮಾತು ಶುರುಮಾಡಿದ. ಮೊದಲನೆಯ ಮಗುವಿಗೆ ಹಾಕಿಸಲು ಬಂದಾಗ ಸೂಜಿ ನೋಡಿ ತನಗೇ ಕಣ್ಣು ಕತ್ತಲೆ ಬಂದು, ಚೀಟಿ ಬಿಸಾಕಿ ಮನೆಗೆ ಓಡಿಹೋಗಿದ್ದನಂತೆ. "ನಮ್ಮೋಳು ಬಾಗ್ಲಲ್ಲೇ ನಿಲ್ಸಿ ಕೇಳಿದ್ಲು, ಆಯ್ತಾ ಅಂತ. ಇಲ್ಲ ಕಣೇ, ಹೆದ್ರಿಕೆ ಆಯ್ತು ಅಂದೆ. ಅರವತ್ತು ಜನಾನ ಘಾಟಿ ಹತ್ತಿಸ್ತೀಯಾ, ಇಷ್ಟುದ್ದ ಸೂಜಿಗೆ ಓಡಿ ಬಂದ್ಯಾ ಅಂತ ಉಗಿದು, ಚಪ್ಪಲಿನೂ ಬಿಚ್ಚೋಕೆ ಬಿಡದೆ ವಾಪಸ್ ಓಡಿಸಿದ್ಲು. ಅರ್ಧ ಗಂಟೇಲಿ ಆಗೋಯ್ತು." ಬೆಂಚಿನ ಮೇಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ಅರ್ಧ ಗಂಟೆ. ತಾನು ಮೂರೂವರೆ ವರ್ಷ ಹೊತ್ತದ್ದನ್ನು ಈ ಮನುಷ್ಯ ಅರ್ಧ ಗಂಟೆಯಲ್ಲಿ ಇಳಿಸಿ, ಅದರ ಮೇಲೆ ನಗುವನ್ನೂ ಸಂಪಾದಿಸಿದ್ದಾನೆ. ತನ್ನ ಹೆಂಡತಿ ಬಾಗಿಲಲ್ಲಿ ನಿಲ್ಲಿಸಿ ಉಗಿಯುವವಳಲ್ಲ. ನೀರು ಸರಬರಾಜು ಕಚೇರಿಯಲ್ಲಿ ದಿನವಿಡೀ ಫೋನಿನಲ್ಲಿ ಊರಿನವರ ದೂರು ಕೇಳಿ, ಬರ್ಕೊಂಡೆ, ಬರ್ಕೊಂಡೆ ಎನ್ನುವುದೇ ಅವಳ ಕೆಲಸ. ಮನೆಯಲ್ಲಿ ಅವಳು ಯಾವ ದೂರನ್ನೂ ಹೇಳುವುದಿಲ್ಲ. ಉಗಿಯುವ ಹೆಂಡತಿಯಿದ್ದ ಚಾಲಕನ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು. ಆ ಯೋಚನೆ ಮುಗಿಯುವ ಮೊದಲೇ, ಅಂದರೆ ತಪ್ಪನ್ನು ಹೆಂಡತಿಯ ಸ್ವಭಾವದ ಮೇಲೆ ಹೊರಿಸುತ್ತಿದ್ದೀಯಾ ಎಂದು ತನ್ನನ್ನೇ ಹಿಡಿದುಕೊಂಡ. ಹಾಗೆ ಹಿಡಿದುಕೊಂಡದ್ದಕ್ಕೆ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

ಹನ್ನೊಂದು ಎಂದು ಕೂಗಿದರು. ಮೇಜಿನ ಹಿಂದೆ ಹಿರಿಯ ಸಿಸ್ಟರ್, ಪಕ್ಕದಲ್ಲಿ ಲಸಿಕೆಯ ತಣ್ಣನೆ ಡಬ್ಬಿಯ ಮುಚ್ಚಳ ತೆಗೆಯುತ್ತ ಹಾಕುತ್ತ ಒಬ್ಬಳು ಕಿರಿಯ ನರ್ಸು. ಸಿಸ್ಟರ್ ಕನ್ನಡಕದ ಮೇಲಿಂದ ಮಗಳನ್ನೂ ಕೆಳಗಿನಿಂದ ಕಾರ್ಡನ್ನೂ ನೋಡಿ, ಕಾಲಮ್ಮಿನ ಉದ್ದಕ್ಕೂ ಬೆರಳು ಇಳಿಸಿದರು. ಅವನು ಬೆರಳನ್ನೇ ನೋಡುತ್ತಿದ್ದ. ಅದು ಪೆನ್ಸಿಲಿನ ಗುರುತಿನ ಮೇಲೆ ನಿಲ್ಲದೆ ಜಾರಿತು. "ಹಿಂದಿನದೆಲ್ಲ ಆಗಿದೆ ಅಲ್ವಾ?" ಎಂದು ಕೇಳಿದರು. ಆಗಿದೆ ಎಂದ. ಎಷ್ಟು ಸಲೀಸಾಗಿ ಬಂತು ಆ ಮಾತು! ಹಾಗಿದ್ದರೆ ಐದು ವರ್ಷದ್ದು ಒಂದೇ ಎಂದು ಸಿಸ್ಟರ್ ಸೂಜಿ ಕೈಗೆತ್ತಿಕೊಂಡರು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ತೋಳು ಹಿಡಿದು, ಬೇರೆ ಕಡೆ ಮುಖ ತಿರುಗಿಸಿದ. ಉಸಿರು ಎಳೆದುಕೊಳ್ಳುವ ಮೌನ ಬಂತು. ಅದರ ಹಿಂದೆ ಏನೂ ಬರಲಿಲ್ಲ. ನೋಡಿದರೆ ಅವಳು ಕೆಳತುಟಿ ಕಚ್ಚಿಕೊಂಡು ಕಣ್ಣು ಅಗಲಿಸಿ ಕೂತಿದ್ದಳು. "ಭೇಷ್," ಎಂದರು ಸಿಸ್ಟರ್, "ಅಪ್ಪನ ಕೈಗುಣ ಚೆನ್ನಾಗಿದೆ." ಕಟ್ಟುಕತೆ ಕೊನೆಗೂ ನಿಜವಾಗಿತ್ತು. ಇನ್ನು ಒಂದು ಸೀಲು ಬಿದ್ದರೆ ಮುಗಿಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಆದರೆ ತಪ್ಪುತ್ತಿದ್ದದ್ದು ಅವನ ತಲೆ, ದೊಣ್ಣೆಯ ದಾರಿಯಲ್ಲಿ ಉಳಿಯುತ್ತಿದ್ದದ್ದು ಅವಳದು. ಒಂದೊಂದು ಕೋಣೆಯಲ್ಲಿ ನಲವತ್ತು ಮಕ್ಕಳು ಒಬ್ಬರ ಮುಖಕ್ಕೆ ಒಬ್ಬರು ಕೆಮ್ಮುತ್ತ ಕೂರುವ ಶಾಲೆ, ಅಲ್ಲಿ ಅವಳ ಹತ್ತಿರ ಒಂದು ಪೆನ್ಸಿಲ್ ಗೆರೆ. ಸಿಸ್ಟರ್ ಸೀಲನ್ನು ಶಾಯಿಯ ಮೆತ್ತೆಗೆ ಒತ್ತಿ ಎತ್ತಿದರು.

"ಅದು ಪೆನ್ಸಿಲ್ಲು," ಎಂದ.

ಯಾವುದು ಎಂದರು ಸಿಸ್ಟರ್, ಸೀಲು ಗಾಳಿಯಲ್ಲೇ ಇತ್ತು. ಅವನು ಚೌಕವನ್ನು ತೋರಿಸಿದ. ತನ್ನ ಕಸುಬಿನಲ್ಲಿ ರೈಟ್ ಮಾರ್ಕಿಗೆ ಇರುವ ಅರ್ಥವನ್ನು ಹೇಳಲು ಹೋಗಿ, ಅರ್ಧಕ್ಕೆ ನಿಂತು, ಇದೊಂದು ಬಿಟ್ಟುಹೋಗಿದೆ ಎಂದು ಕಾಣುತ್ತದೆ ಎಂದ. ಬಿಟ್ಟುಹೋಗಿದೆ. ಕರಡಿನಲ್ಲಿ ಸಾಲು ಹಾರಿದಾಗ ಅಂಚಿನಲ್ಲಿ ಬರೆಯುವ ಮಾತು, ಯಾರನ್ನೂ ಬೆರಳು ಮಾಡಿ ತೋರಿಸದ ಮಾತು. ಆದರೆ ಸಿಸ್ಟರ್ ಸಂಜೆ ಕಾಲೇಜಿನಲ್ಲಿ ಓದಿದವರಲ್ಲ. ಬಿಟ್ಟದ್ದಿದ್ದರೆ ಬಿಟ್ಟವರೊಬ್ಬರು ಇರಬೇಕೆಂದು ಅವರು ತಿಳಿದಿದ್ದರು. ತಾರೀಖು ಲೆಕ್ಕ ಹಾಕಿ, ಕಿರಿಯ ನರ್ಸಿನ ಕಡೆಗೆ ತಿರುಗಿ, ಆ ವರ್ಷ ಈ ಮೇಜಿನಲ್ಲಿ ಇದ್ದವಳು ನೀನೇ ಅಲ್ಲವಾ ಎಂದು ಕೇಳಿದರು. ಅವಳು ಡಬ್ಬಿ ಮುಚ್ಚಿ, ಕಪಾಟಿನಿಂದ ಹಳೆಯ ರಿಜಿಸ್ಟರು ತೆಗೆದು, ಪುಟದ ಮೇಲಿಂದ ಕೆಳಗೆ, ಮತ್ತೆ ಕೆಳಗಿನಿಂದ ಮೇಲಕ್ಕೆ ಬೆರಳಾಡಿಸಿದಳು. ಮಗುವಿನ ಹೆಸರು ಇಲ್ಲ. ಇನ್ನೊಂದು ಸಲ ಹುಡುಕಿದಳು. ಅವಳ ಕಿವಿಗಳು ಕೆಂಪಾಗುತ್ತಿದ್ದವು. ತಾನು ಮಾಡದ ತಪ್ಪನ್ನೂ ತನ್ನೊಳಗೆ ಹುಡುಕುವವರ ಮುಖ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು, ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ನೋಡುತ್ತಿದ್ದ.

"ನಾನು ಆಗ ಹೊಸಬಳು ಸರ್," ಎಂದಳು ಅವಳು. "ಹಾಕಿ ಬರೆಯೋದು ಮರ್ತೆನೋ, ಹಾಕೋದೇ ಮರ್ತೆನೋ, ಗೊತ್ತಾಗ್ತಿಲ್ಲ. ತಪ್ಪಾಯ್ತು ಸರ್."

ಸಿಸ್ಟರ್ ಬಾಯಿ ತೆರೆದರು. ಇನ್ನೊಂದು ಕ್ಷಣ ಅವನು ಸುಮ್ಮನಿದ್ದರೆ ಬೈಗುಳ ಅವಳ ಮೇಲೆ ಬೀಳುತ್ತಿತ್ತು, ಮಗಳಿಗೆ ಲಸಿಕೆಯೂ ಆಗುತ್ತಿತ್ತು, ಮನೆಯಲ್ಲಿ ಹೇಳಲು ಕಾರಣವೂ ಸಿಗುತ್ತಿತ್ತು: ಕೇಂದ್ರದವರು ಮರೆತಿದ್ದರಂತೆ. ಎಲ್ಲರಿಗೂ ಒಳ್ಳೆಯದೇ, ಅವಳೊಬ್ಬಳನ್ನು ಬಿಟ್ಟು. ಆ ಕ್ಷಣವನ್ನು ಅವನು ಪೂರ್ತಿಯಾಗಿ, ನಾಚಿಕೆಯಿಲ್ಲದೆ, ಸುಮ್ಮನಿದ್ದು ಕಳೆದ. ಸಿಸ್ಟರ್, ನಿನಗೆ ಎಷ್ಟು ಸಲ ಹೇಳಿದ್ದೀನಿ ಎಂಬಲ್ಲಿಗೆ ಬಂದಿದ್ದರು.

"ಅವರು ಬಿಟ್ಟಿದ್ದಲ್ಲ. ನಾನು ಬಿಟ್ಟೆ," ಎಂದ. "ನಾನು ಬಾಗ್ಲವರೆಗೂ ಬಂದು ವಾಪಸ್ ಹೋದೆ. ರೈಟ್ ಮಾರ್ಕು ನಾನೇ ಹಾಕ್ದೆ."

ಆಕಾಶ ಕಳಚಿ ಬೀಳಲಿಲ್ಲ. ಹೊರಗೆ ಬೆಂಚಿನ ಮೇಲೆ ಯಾರೋ ಸೀನಿದರು. ಸಿಸ್ಟರ್ ಸೀಲನ್ನು ಮೆತ್ತೆಯ ಮೇಲೆ ಮತ್ತೆ ಇಟ್ಟು, ವಾರಕ್ಕೆ ಒಬ್ಬರಾದರೂ ಇಂಥವರು ಬರುತ್ತಾರೆ ಎಂದು ಕಿರಿಯ ನರ್ಸಿಗೆ ಹೇಳಿ, ಅವನಿಗೆ, "ಅಷ್ಟು ಹೇಳೋಕೆ ಇಷ್ಟೊತ್ತಾ? ಆ ಕಡೆ ತೋಳು ತೋರ್ಸಿ," ಎಂದರು. ಮೂರೂವರೆ ವರ್ಷ ಸಾಕಿದ ಪಾಪಕ್ಕೆ ವಾರಕ್ಕೊಂದರ ಲೆಕ್ಕದಲ್ಲಿ ಜೊತೆಗಾರರಿದ್ದರು. ಅವಮಾನ ಆಗಬೇಕಾದಷ್ಟು ಆಗಲಿಲ್ಲವಲ್ಲ ಎಂದು ಅವನಿಗೆ ಅವಮಾನವಾಯಿತು. ಕಿರಿಯ ನರ್ಸು ಮಾತ್ರ ಅವನನ್ನು ನೋಡಲಿಲ್ಲ. ರಿಜಿಸ್ಟರನ್ನು ಕಪಾಟಿಗೆ ಹಿಂತಿರುಗಿಸುವಾಗ ಅದರ ಮೂಲೆಗಳನ್ನು ಅಂಗೈಯಿಂದ ತಟ್ಟಿ ಸಮ ಮಾಡಿದಳು. ಮಗಳು ತೊಡೆಯ ಮೇಲಿಂದ ಕತ್ತು ಹೊರಳಿಸಿ ಅವನ ಮುಖವನ್ನೇ ನೋಡುತ್ತಿದ್ದಳು. "ಒಂದೇ ಅಂದಿದ್ದೆ," ಎಂದಳು. ಹೌದು ಎಂದ. "ಪ್ರಾಮಿಸ್ ಅಂದಿದ್ದೆ." ಅದಕ್ಕೂ ಹೌದು ಎಂದ. ನಿಜ ಹೇಳಿದ್ದರ ಫಲ ತನಗಲ್ಲ, ಅವಳ ಎಡತೋಳಿಗೆ ಸಿಗಲಿದೆ ಎಂದು ಹೊಳೆಯುವಷ್ಟರಲ್ಲಿ ಸೂಜಿ ಒಳಗೆ ಹೋಗಿತ್ತು. ಈ ಸಲ ಮೌನದ ಹಿಂದೆ ಕೂಗು ಬಂತು, ಉದ್ದವಾಗಿ, ಒಡಕಿಲ್ಲದೆ. ಅವನ ಎದೆಗೆ ಎರಡೂ ಮುಷ್ಟಿಯಿಂದ ಗುದ್ದಿದಳು. ಅವನು ಅವಳನ್ನು ಹಿಡಿದುಕೊಂಡಿದ್ದ, ಮತ್ತು ಅವಳು ಅಳುತ್ತಿದ್ದಳು. ಸೂಜಿಯ ಮುಂದೆ ಎರಡೂ ಒಟ್ಟಿಗೆ ಆಗುವುದನ್ನು ಅವನು ಮೊದಲ ಸಲ ನೋಡಿದ. ಹೊರಗೆ ಬಂದಾಗ ಬಸ್ ಚಾಲಕ, ಎರಡಾಯ್ತಾ ಎಂದು ಕನಿಕರದಿಂದ ಕೇಳಿದ.

ಹೆಂಡತಿ ತನ್ನ ಕಚೇರಿಗೆ ಊಟದ ಬಿಡುವಿನ ಹೊತ್ತಿಗೆ ಬನ್ನಿ ಎಂದಿದ್ದಳು, ಅಲ್ಲಿಂದ ಕಾರ್ಡಿನ ನಕಲು ತೆಗೆಸಬಹುದೆಂದು. ದಾರಿಯಲ್ಲಿ ಅವನು ಹೇಳಬೇಕಾದ ವಾಕ್ಯವನ್ನು ಕಟ್ಟುತ್ತ ಕೆಡವುತ್ತ ನಡೆದ. ಅವತ್ತು ಒಂದು ಬಿಟ್ಟುಹೋಗಿತ್ತಂತೆ. ಅಂತೆ ಎಂಬ ಎರಡಕ್ಷರ ಸೇರಿಸಿದರೆ ಸಾಕು, ತಪ್ಪು ಮಾಡಿದವನು ಸುದ್ದಿ ತಂದವನಾಗುತ್ತಾನೆ. ಒಂದು ಸಲ ನಿಜ ಹೇಳಿದ್ದರಿಂದ ಬಂದ ಧೈರ್ಯ ಎರಡು ಬೀದಿಗೂ ಸಾಲಲಿಲ್ಲ. ಬಿಕ್ಕುವುದು ನಿಂತ ಮೇಲೆ ಮಗಳು, ಎರಡನೆಯದು ಯಾಕೆ ಎಂದು ಕೇಳಿದಳು. ನೀನು ಪಾಪು ಇದ್ದಾಗ ಹಾಕಿಸಬೇಕಿತ್ತು, ನಾನು ಹಾಕಿಸಲಿಲ್ಲ, ಹೆದರಿಕೆಯಾಯಿತು ಎಂದ. "ನಿಂಗೆ ಚುಚ್ತಿದ್ರಾ?" "ಇಲ್ಲ, ನಿಂಗೆ." ಅವಳು ಅದನ್ನು ಬಹಳ ಹೊತ್ತು ಯೋಚಿಸಿದಳು. ಆಮೇಲೆ ಅವನ ಕೈ ಬಿಟ್ಟು, ಪಾದಚಾರಿ ದಾರಿಯ ಕಲ್ಲುಗಳ ಗೆರೆ ತುಳಿಯದೆ ಒಬ್ಬಳೇ ಮುಂದೆ ನಡೆದಳು.

ಹೆಂಡತಿ ಗೇಟಿನ ಹತ್ತಿರ, ಕುತ್ತಿಗೆಗೆ ಇನ್ನೂ ಫೋನಿನ ಇಯರ್‌ಫೋನು ತೂಗುತ್ತಿರುವಂತೆಯೇ ಬಂದು ನಿಂತಿದ್ದಳು. ಮಗಳನ್ನು ಎತ್ತಿಕೊಂಡು ಹತ್ತಿ ಅಂಟಿಸಿದ ಎರಡು ತೋಳುಗಳನ್ನೂ ನೋಡಿ, ಇದೇನು ಎರಡು ಎಂದಳು. ಅವನು, ಅವತ್ತು ಒಂದು, ಎಂದು ಆರಂಭಿಸಿದ. ಮಗಳು ಅಷ್ಟರಲ್ಲಿ ಬಲತೋಳನ್ನು ಮುಟ್ಟಿ ತೋರಿಸಿ, "ಇದು ನಂದು," ಎಂದಳು; ಎಡತೋಳನ್ನು ತೋರಿಸಿ, "ಇದು ಅಪ್ಪಂದು. ಅಪ್ಪ ಹೆದ್ರುಕೊಂಡಿತ್ತು, ಅದಕ್ಕೆ ನಂಗೆ ಹಾಕಿದ್ರು," ಎಂದಳು. ಅವನು ಕಟ್ಟಿಕೊಂಡು ಬಂದಿದ್ದ ವಾಕ್ಯಕ್ಕೆ ಇನ್ನು ಜಾಗವಿರಲಿಲ್ಲ. ದಡಾರದ ಎರಡನೆಯದನ್ನು ನಾನು ಹಾಕಿಸಿರಲಿಲ್ಲ, ಹಾಕಿಸಿದೆ ಎಂದು ನೀನು ತಿಳಿದುಕೊಂಡೆ, ನಾನು ಬಿಟ್ಟೆ ಎಂದ. ನಡುವಿನ ‘ನೀನು ತಿಳಿದುಕೊಂಡೆ’ ಬೇಕಿರಲಿಲ್ಲ ಎಂದು ಹೇಳಿದ ಮೇಲೆ ಅನ್ನಿಸಿತು.

ಅವಳು ಮಗಳ ಕೂದಲನ್ನು ಕಿವಿಯ ಹಿಂದೆ ಸರಿಸಿ, ಮತ್ತೆ ಸರಿಸಿ, ಸರಿಸಲು ಏನೂ ಇಲ್ಲದಾದ ಮೇಲೆ ಕೇಳಿದಳು.

"ಅವತ್ತು ಜ್ವರ ಬರುತ್ತೆ ಅಂತ ನಾನು ಮಾರನೇ ದಿನದಿಂದ ಎರಡು ದಿನ ರಜಾ ಹಾಕಿದ್ದೆ. ಗಂಟೆಗೊಂದ್ಸಲ ಹಣೆ ಮುಟ್ಟಿ ನೋಡ್ತಿದ್ದೆ. ನೀವು ಅಲ್ಲೇ ಕೂತಿದ್ರಿ ಅಲ್ವಾ?"

"ಕೂತಿದ್ದೆ."

"ಬರಲ್ಲ ಅಂತ ಗೊತ್ತಿತ್ತು ನಿಮ್ಗೆ."

ಅವಳು ಮಗಳನ್ನು ಅವನ ಕೈಗೆ ಕೊಟ್ಟಳು. ಬಿಡುವು ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿದ್ದರೂ ಒಳಗೆ ಹೋಗಬೇಕು ಎಂದಳು. "ಇವತ್ತು ಜ್ವರ ಬಂದ್ರೆ ನೀವೇ ನೋಡ್ಕೊಳ್ಳಿ. ನನ್ನ ಎಬ್ಬಿಸ್ಬೇಡಿ." ಮೆಟ್ಟಿಲು ಹತ್ತಿ ಗಾಜಿನ ಬಾಗಿಲಿನ ಹಿಂದೆ ಮರೆಯಾದಳು. ಅವನು ಅಲ್ಲೇ ನಿಂತಿದ್ದ. ಮಗಳು ದಣಿದು ಅವನ ಹೆಗಲ ಮೇಲೆ ತಲೆಯಿಟ್ಟಿದ್ದಳು, ಕ್ಷಮಿಸಿಯಲ್ಲ, ಬೇರೆ ಹೆಗಲು ಇಲ್ಲದ್ದರಿಂದ. ಇವತ್ತು ಬರಲಿ, ಜ್ವರ ಚೆನ್ನಾಗಿಯೇ ಬರಲಿ, ತಾನು ಬೆಳಗಿನವರೆಗೂ ಒದ್ದೆ ಬಟ್ಟೆ ಹಿಂಡಿ ಹಿಂಡಿ ಹಾಕುತ್ತ ಕೂರುವಷ್ಟು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿಕೊಂಡದ್ದು ಏನನ್ನು, ಯಾರ ಮೈಗೆ ಎಂದು ಹೊಳೆಯಲು ಒಂದು ನಿಮಿಷ ಹಿಡಿಯಿತು. ಹೊಳೆದ ಮೇಲೂ ಅವನ ಅಂಗೈ ತಾನಾಗಿಯೇ ಮೇಲೆದ್ದು ಅವಳ ಹಣೆಯನ್ನು ಮುಟ್ಟಿ ನೋಡಿತು. ತಣ್ಣಗಿತ್ತು.